ಜಾಬ್ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಬೇಕಾದರೆ

ಪ್ರಶ್ನೆ: ಕುಶಾಲನಗರದ ಹತ್ತಿರ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಕಾಫಿ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಬೀಡಿನ, ಅಂದರೆ ಎರಕದ ಕಬ್ಬಿಣದ, ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಗೂಡು) ಮಾಡಿಕೊಡುತ್ತೇವೆ. ಎಲ್ಲಾ ಅಳತೆ ಮಿ.ಮೀ.ನಲ್ಲಿ: ತಳ 180 × 70, ಬೋರ್ (ಬೇರಿಂಗ್ ಕೂರುವ ದೊಡ್ಡ ರಂಧ್ರ) 62, ತಳದಿಂದ ಬೋರ್ ಸೆಂಟರ್‌ಗೆ ಎತ್ತರ 80, ಅದರಲ್ಲಿ 0.05 ಹೆಚ್ಚು ಕಡಿಮೆ ಇರಬಹುದು. ಡಿಆರ್‌ಓ (ಟೇಬಲ್ ಸರಿದ ದೂರವನ್ನು ಅಂಕಿಯಲ್ಲಿ ತೋರಿಸುವ ಸಾಧನ) ಇರುವ ಮಿಲ್ಲಿಂಗ್ ಮೆಷಿನ್ ಇದೆ. ಮೊದಲು ವೈಸ್‌ನಲ್ಲಿ ತಳ ಮಿಲ್ ಮಾಡುತ್ತೇವೆ. ಆಮೇಲೆ ಜಾಬನ್ನು (ಕಡಿಯುತ್ತಿರುವ ಪೀಸನ್ನು) ಫ್ಲಾಟ್ ಪ್ಲೇಟಿನ ಫಿಕ್ಸ್ಚರ್ (ಜಾಬ್ ಕೂರಿಸಿ ಹಿಡಿಯುವ ಸಾಧನ) ಮೇಲೆ ಕೂರಿಸಿ, ಮೇಲಿನಿಂದ ಕ್ಲಾಂಪ್ ಹಾಕಿ, ಬೋರ್ ಮಾಡುತ್ತೇವೆ. ಕೊನೆಗೆ ತಿರುಗಿಸಿ, ಒರಟು ಬದಿಯನ್ನು ಸ್ಟಾಪರ್‌ಗೆ ತಗುಲಿಸಿ ಹಿಡಿದು ತಳದ ಬೋಲ್ಟ್ ಹೋಲ್, ಡೋವೆಲ್ (ಜಾಗ ತಪ್ಪದಂತೆ ಹಿಡಿಯುವ ಪಿನ್) ಹೋಲ್ ಹಾಕುತ್ತೇವೆ. ಬೆಳಿಗ್ಗೆ ಮೊದಲ ನಾಲ್ಕೈದು ಪೀಸ್ ಸರಿ ಬರುತ್ತವೆ, ಆಮೇಲೆ ಎತ್ತರ 0.15ರವರೆಗೆ ಆಚೀಚೆ ಆಗುತ್ತದೆ. ಡೋವೆಲ್ ಹೋಲ್ ಬೋರ್‌ಗೆ 0.2, 0.3 ತಪ್ಪುತ್ತದೆ. ಕ್ಲಾಂಪ್ ಬಿಚ್ಚಿದರೆ ಬೋರ್ ಗುಂಡಗೆ ಇರುವುದಿಲ್ಲ. ಇನ್ನೂ ಗಟ್ಟಿ ಕ್ಲಾಂಪ್ ಮಾಡಬೇಕಾ? ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ತೆಗೆದುಕೊಂಡರೆ ಸರಿಹೋಗುತ್ತಾ? ಶಾಫ್ಟ್‌ನ ಪಿನ್ ಹೋಲ್ ಕೂಡ ಸೆಂಟರ್‌ಗೆ ಬರುತ್ತಿಲ್ಲ, ಅದಕ್ಕೇನು ಮಾಡಲಿ?

ಉತ್ತರ: ವಿಎಂಸಿ ವಿಚಾರ ಸದ್ಯಕ್ಕೆ ಬಿಡಿ. ನಿಮ್ಮ ಡಿಆರ್‌ಓ ಇರುವ ಮಿಲ್ಲಿಂಗ್ ಮೆಷಿನ್ನೇ ಈ ಕೆಲಸಕ್ಕೆ ಸಾಕು. ವಿಎಂಸಿ ಹೋಲನ್ನು ತಾನು ಅಂದುಕೊಂಡ ಜಾಗಕ್ಕೆ ಕರಾರುವಾಕ್ಕಾಗಿ ಹಾಕುತ್ತದೆ. ಆದರೆ ಜಾಬ್ ಆ ಜಾಗದಲ್ಲಿ ಕೂತಿದೆಯೋ ಇಲ್ಲವೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಈಗಿನ ಫಿಕ್ಸ್ಚರನ್ನೇ ಅದರ ಮೇಲೆ ಇಟ್ಟರೆ ಇದೇ ತಪ್ಪುಗಳು ಇನ್ನೂ ಬೇಗ ಬೇಗ ಬರುತ್ತವೆ, ಅಷ್ಟೇ. ಗಟ್ಟಿ ಕ್ಲಾಂಪ್ ಅಂತೂ ಖಂಡಿತ ಬೇಡ. ನಿಮ್ಮ ಬೋರ್ ಗುಂಡಗೆ ಬರದಿರುವುದಕ್ಕೆ ಅದೇ ಕಾರಣ.

ಯಾವುದನ್ನೂ ಬದಲಾಯಿಸುವ ಮೊದಲು ಒಂದು ಪರೀಕ್ಷೆ ಮಾಡಿ. ತಳ ಮಿಲ್ ಆಗಿರುವ ಒಂದೇ ಒಂದು ಜಾಬ್ ತೆಗೆದುಕೊಳ್ಳಿ. ದಿನವೂ ಮಾಡುವ ಹಾಗೆಯೇ ಫಿಕ್ಸ್ಚರ್‌ನಲ್ಲಿ ಕೂರಿಸಿ ಕ್ಲಾಂಪ್ ಮಾಡಿ. ಲಿವರ್ ಡಯಲ್ (ಸಣ್ಣ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಗೇಜ್) ತಗುಲಿಸಿ ಮೇಲೆ ಒಂದು ಕಡೆ, ಪಕ್ಕದಲ್ಲಿ ಒಂದು ಕಡೆ ಸೊನ್ನೆ ಇಡಿ. ಮುಟ್ಟಿದ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಜಾಬನ್ನು ಪೂರ್ತಿ ಹೊರಗೆ ತೆಗೆದು, ಒರೆಸಿ, ಮತ್ತೆ ಕೂರಿಸಿ, ಕ್ಲಾಂಪ್ ಮಾಡಿ, ಅದೇ ಗುರುತಿನ ಮೇಲೆ ಡಯಲ್ ಓದಿ. ಹೀಗೆ ಹತ್ತು ಸಲ ಮಾಡಿ, ಪ್ರತಿ ಸಲ ಬಂದದ್ದನ್ನು ಬರೆದಿಡಿ. ಏನನ್ನೂ ಕಡಿಯುವ ಅಗತ್ಯವಿಲ್ಲ, ಒಂದು ಗಂಟೆಯೂ ಬೇಕಾಗುವುದಿಲ್ಲ.

ಒಂದೇ ಜಾಬ್ ಹತ್ತು ಸಲದಲ್ಲಿ 0.02ಕ್ಕಿಂತ ಜಾಸ್ತಿ ಓಡಾಡಿದರೆ ದೋಷ ಫಿಕ್ಸ್ಚರ್‌ನ ಕೂರಿಸುವ ಜಾಗದಲ್ಲಿ ಅಥವಾ ಕ್ಲಾಂಪ್‌ನಲ್ಲಿ ಇದೆ. ಒಂದೇ ಜಾಬ್ ಸರಿಯಾಗಿ ಬಂದು, ಬೇರೆ ಬೇರೆ ಜಾಬ್ ಹಾಕಿದಾಗ ಮಾತ್ರ ವ್ಯತ್ಯಾಸ ಬಂದರೆ ನೀವು ಕಾಸ್ಟಿಂಗ್‌ನ ಒರಟು ಮುಖವನ್ನು ನಂಬಿ ಕೂರಿಸುತ್ತಿದ್ದೀರಿ ಎಂದರ್ಥ. ಎರಡೂ ಸರಿ ಇದ್ದು ಅಳತೆ ತಪ್ಪಿದರೆ ಆಗ ಮೆಷಿನ್ ಕಡೆ ನೋಡಿ. ಹೆಡ್ ಟೇಬಲ್‌ಗೆ ನೇರವಾಗಿದೆಯಾ, ಬೋರ್ ಮಾಡುವಾಗ ಟೇಬಲ್ ಹೊತ್ತಿರುವ ‘ನೀ’ ಮತ್ತು ‘ಸ್ಯಾಡಲ್’ ಎಂಬ ಭಾಗಗಳನ್ನು ಲಾಕ್ ಮಾಡುತ್ತಿದ್ದೀರಾ ಅಂತ. ನೀವು ಬರೆದಿರುವುದನ್ನು ನೋಡಿದರೆ ಮೊದಲ ಎರಡೂ ದೋಷ ಇವೆ ಅನಿಸುತ್ತದೆ.

ಮೊದಲು ಫ್ಲಾಟ್ ಪ್ಲೇಟಿನ ವಿಚಾರ. ತಳ ಪೂರ್ತಿ ಪ್ಲೇಟಿನ ಮೇಲೆ ಕೂತರೆ ಭದ್ರ ಅಂತ ಎಲ್ಲರಿಗೂ ಅನಿಸುತ್ತದೆ. ನಿಜವಾಗಿ ಎರಡು ಚಪ್ಪಟೆ ಮುಖಗಳು ಪೂರ್ತಿ ಮುಟ್ಟುವುದೇ ಇಲ್ಲ. ಎಲ್ಲೋ ಮೂರು ಉಬ್ಬುಗಳ ಮೇಲೆ ಜಾಬ್ ನಿಲ್ಲುತ್ತದೆ, ಆ ಮೂರು ಯಾವುವು ಅನ್ನುವುದು ಪ್ರತಿ ಜಾಬ್‌ಗೂ ಬೇರೆ. ನಮ್ಮ ಕೊಡಗಿನ ಮದುವೆಗಳಲ್ಲಿ ಕೂರಿಸುವ ಮುಕ್ಕಾಲಿ ಯಾವ ನೆಲದ ಮೇಲಿಟ್ಟರೂ ಅಲ್ಲಾಡದು, ನಾಲ್ಕು ಕಾಲಿನದು ಅಲ್ಲಾಡುತ್ತದೆ ಅಲ್ವಾ? ಫಿಕ್ಸ್ಚರ್‌ನಲ್ಲೂ ಅದೇ ಲೆಕ್ಕ. ತಳಕ್ಕೆ ಮೂರು ಪ್ಯಾಡ್, ಉದ್ದದ ಬದಿಗೆ ಎರಡು ಪಿನ್, ಗಿಡ್ಡ ಬದಿಗೆ ಒಂದು ಪಿನ್. ಒಟ್ಟು ಆರು ಕಡೆ ಮುಟ್ಟಿದರೆ ಜಾಬ್ ಎಲ್ಲಿ ಕೂರಬೇಕು ಅನ್ನುವುದು ಪೂರ್ತಿ ನಿರ್ಧಾರವಾಗುತ್ತದೆ. ಐದೇ ಇದ್ದರೆ ಒಂದು ದಿಕ್ಕಿನಲ್ಲಿ ಜಾರಲು ಜಾಗ ಉಳಿಯುತ್ತದೆ. ಏಳನೆಯದು ಬಂದರೆ ಯಾವ ಆರರ ಮೇಲೆ ಕೂರುವುದು ಅಂತ ಜಾಬೇ ಆರಿಸಿಕೊಳ್ಳುತ್ತದೆ. ಈ ಆಯ್ಕೆಯನ್ನು ಜಾಬ್‌ಗೆ ಬಿಡಬಾರದು. ಫಿಕ್ಸ್ಚರ್ ಮಾಡುವುದೇ ಅದಕ್ಕೆ.

ನಿಮ್ಮ ಹೌಸಿಂಗ್‌ಗೆ ಒಂದು ಕಾಲಿನ (ತಳ ಪಕ್ಕಕ್ಕೆ ಚಾಚಿದ ಭಾಗ) ಕೆಳಗೆ ಎರಡು ಪ್ಯಾಡ್, ಇನ್ನೊಂದು ಕಾಲಿನ ಕೆಳಗೆ ನಡುವೆ ಒಂದು ಪ್ಯಾಡ್ ಇಡಿ. ಎಷ್ಟು ದೂರ ದೂರ ಇಡಲು ಸಾಧ್ಯವೋ ಅಷ್ಟು ದೂರ ಇರಲಿ. ಪ್ಯಾಡ್ ಸುಮಾರು 15 ಮಿ.ಮೀ. ವ್ಯಾಸ ಸಾಕು, ಪ್ಲೇಟಿನಿಂದ 10 ಮಿ.ಮೀ. ಎತ್ತರ ಇರಲಿ. ಮೂರನ್ನೂ ಪ್ಲೇಟಿಗೆ ಕೂರಿಸಿದ ಮೇಲೆ ಒಂದೇ ಸೆಟ್ಟಿಂಗ್‌ನಲ್ಲಿ ಗ್ರೈಂಡ್ ಮಾಡಿಸಿ. ಬಿಡಿಬಿಡಿಯಾಗಿ ಗ್ರೈಂಡ್ ಮಾಡಿ ಆಮೇಲೆ ಜೋಡಿಸಿದರೆ ಮೂರೂ ಒಂದೇ ಮಟ್ಟಕ್ಕೆ ಬರುವುದು ಕಷ್ಟ.

ಬೆಳಿಗ್ಗೆಯ ಪೀಸ್ ಸರಿ ಬಂದು ಆಮೇಲಿನದು ಕೆಡುವುದಕ್ಕೂ ಇಲ್ಲೇ ಉತ್ತರ ಇದೆ. ಬೀಡು ಕಡಿದರೆ ಸುರುಳಿ ಬರುವುದಿಲ್ಲ, ಪುಡಿ ಬರುತ್ತದೆ. ಆ ಪುಡಿ ಎಣ್ಣೆಯ ಜೊತೆ ಸೇರಿ ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ ಪ್ಲೇಟ್ ಚೊಕ್ಕವಾಗಿರುತ್ತದೆ, ಐದನೇ ಜಾಬ್ ಹೊತ್ತಿಗೆ ಪುಡಿಯ ಮೇಲೆ ಜಾಬ್ ಕೂತಿರುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ಕಡೆಯ ಆಧಾರಗಳ ನಡುವೆ 150 ಮಿ.ಮೀ. ಇದೆ ಅಂದುಕೊಳ್ಳೋಣ. ಒಂದು ಕಡೆ 0.1 ಮಿ.ಮೀ. ದಪ್ಪದ ಚೂರು ಸಿಕ್ಕಿಕೊಂಡರೆ ಬೋರ್‌ನ ನಡುವೆ ಎತ್ತರ 0.05 ತಪ್ಪುತ್ತದೆ. ಜಾಬ್ ವಾಲುವುದರಿಂದ 80 ಮಿ.ಮೀ. ಎತ್ತರದಲ್ಲಿ ಸೆಂಟರ್ ಪಕ್ಕಕ್ಕೂ 0.05ರಷ್ಟು ಸರಿಯುತ್ತದೆ. ನಿಮ್ಮ ಡ್ರಾಯಿಂಗ್ ಕೊಟ್ಟಿರುವ ಇಡೀ ಸಡಿಲವನ್ನು ಕಣ್ಣಿಗೆ ಸರಿಯಾಗಿ ಕಾಣದ ಒಂದು ಚೂರು ತಿಂದುಹಾಕಿತು. 180 × 70 ಪ್ಲೇಟನ್ನು ಪ್ರತಿ ಸಲ ಪೂರ್ತಿ ಚೊಕ್ಕ ಮಾಡುವುದು ಯಾರಿಗೂ ಆಗುವ ಕೆಲಸವಲ್ಲ. ಮೂರು ಸಣ್ಣ ಪ್ಯಾಡನ್ನು ಬ್ರಷ್‌ನಿಂದ ಗುಡಿಸಿ, ಬೆರಳಿನಿಂದ ಸವರಿ ನೋಡುವುದು ಐದು ಸೆಕೆಂಡಿನ ಕೆಲಸ. ಏರ್ ಗನ್ ಹೊಡೆಯುವುದಕ್ಕಿಂತ ಬ್ರಷ್ ಒಳ್ಳೆಯದು. ಗಾಳಿ ಪುಡಿಯನ್ನು ಮೂಲೆಗೆ ನೂಕುತ್ತದೆ, ಕಣ್ಣಿಗೂ ಅಪಾಯ. ಪಕ್ಕದ ಪಿನ್‌ಗಳ ಬುಡದಲ್ಲಿ ಸಣ್ಣ ಗ್ರೂವ್ ಹೊಡೆಸಿ. ಪುಡಿಗೂ, ಜಾಬ್ ಅಂಚಿನಲ್ಲಿ ಎದ್ದ ಬರ್‌ಗೂ (ಕಡಿದಾಗ ಉಳಿಯುವ ಚೂಪು ಸಿಬಿರು) ಅಲ್ಲಿ ಜಾಗ ಸಿಗುತ್ತದೆ.

ನಮ್ಮ ಊರಿಗೆ ಇನ್ನೊಂದು ಮಾತು ಸೇರಿಸಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವಕ್ಕೆ ಮಿಲ್ ಮಾಡಿದ ಬೀಡಿನ ಮುಖ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಮೇಲೆ ಕೂರಿಸಿದರೆ ಅಳತೆ ಹೋಗುತ್ತದೆ. ಮಳೆಗಾಲದಲ್ಲಿ ತಳ ಮಿಲ್ ಮಾಡಿದ ದಿನವೇ ಬೋರ್ ಕೂಡ ಮುಗಿಸಿ. ಆಗದಿದ್ದರೆ ರಸ್ಟ್ ಆಯಿಲ್ ಹಚ್ಚಿಡಿ, ಬೆಳಿಗ್ಗೆ ಪೂರ್ತಿ ಒರೆಸಿ. ಫಿಕ್ಸ್ಚರ್‌ಗೂ ಹಾಗೇ ಮಾಡಿ.

ಇನ್ನು ಡೋವೆಲ್ ಹೋಲ್ 0.2, 0.3 ತಪ್ಪುವ ವಿಚಾರ. ನೀವು ಬೋರ್ ಮುಗಿಸಿ, ಜಾಬ್ ತಿರುಗಿಸಿ, ಒರಟು ಬದಿಯನ್ನು ಸ್ಟಾಪರ್‌ಗೆ ತಗುಲಿಸಿ ಡ್ರಿಲ್ ಮಾಡುತ್ತಿದ್ದೀರಿ. ಒರಟು ಬದಿ ಒಂದು ಕಾಸ್ಟಿಂಗ್‌ಗೆ ಇದ್ದ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ. ಅಚ್ಚಿನ ಎರಡು ಭಾಗ ಸೇರುವ ಗೆರೆ ಅಲ್ಲೇ ಹಾದು ಹೋಗಿದ್ದರೆ ಇನ್ನೂ ಕಷ್ಟ. ಒರಟು ಮುಖವನ್ನು ಮೊದಲ ಆಪರೇಷನ್‌ಗೆ ಒಂದೇ ಒಂದು ಸಲ ಬಳಸಬೇಕು. ಆಮೇಲೆ ಅದನ್ನು ಮುಟ್ಟಬಾರದು. ನಿಮ್ಮ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ಇದೊಂದನ್ನು ಸರಿಮಾಡಿದರೆ ಅರ್ಧ ರಿಜೆಕ್ಷನ್ ನಿಲ್ಲುತ್ತದೆ ಅಂತ ನನಗೆ ಅನಿಸುತ್ತದೆ.

ಹಾಗಾಗಿ ಕೆಲಸದ ಸರದಿಯನ್ನೇ ಬದಲಾಯಿಸಿ. ಮೊದಲ ಆಪರೇಷನ್‌ನಲ್ಲಿ ತಳ ಮಿಲ್ ಮಾಡಿ, ಬಿಚ್ಚದೆ ಅಲ್ಲೇ ಬೋಲ್ಟ್ ಹೋಲ್ ಡ್ರಿಲ್ ಮಾಡಿ, ಎದುರು ಬದುರು ಮೂಲೆಯ ಎರಡು ಡೋವೆಲ್ ಹೋಲ್‌ಗಳನ್ನು 10 ಎಚ್7 (ಹೋಲ್‌ನ ಅಳತೆಯ ಒಂದು ದರ್ಜೆ) ಬರುವಂತೆ ರೀಮ್ ಮಾಡಿ, ಅಂದರೆ ರೀಮರ್‌ನಿಂದ ಕರಾರುವಾಕ್ಕಾದ ಸೈಜಿಗೆ ತನ್ನಿ. ಎರಡನೇ ಆಪರೇಷನ್‌ನಲ್ಲಿ ಅದೇ ತಳ ಮೂರು ಪ್ಯಾಡ್ ಮೇಲೆ, ಅದೇ ಎರಡು ಹೋಲ್ ಎರಡು ಪಿನ್ ಮೇಲೆ ಕೂತು ಬೋರ್ ಆಗಲಿ. ಆಗ ಬದಿಯ ಮೂರು ಪಿನ್‌ಗಳ ಕೆಲಸವನ್ನು ಈ ಎರಡು ಪಿನ್‌ಗಳೇ ಮಾಡುತ್ತವೆ, ಬದಿಯ ಪಿನ್ ತೆಗೆದುಬಿಡಿ. ಇದರ ದೊಡ್ಡ ಲಾಭ ಏನೆಂದರೆ, ನಾಳೆ ಪಲ್ಪರ್ ಫ್ರೇಮ್ ಮೇಲೆ ಹೌಸಿಂಗ್ ಕೂರುವುದು ಇದೇ ತಳ, ಇದೇ ಡೋವೆಲ್‌ಗಳ ಮೇಲೆ. ಶಾಪ್‌ನಲ್ಲಿ ಕೂತ ಹಾಗೆಯೇ ತೋಟದಲ್ಲೂ ಕೂರುತ್ತದೆ. ಶಾಫ್ಟ್‌ನ ಎರಡು ತುದಿ ಹಿಡಿಯುವ ಹೌಸಿಂಗ್‌ಗಳ ಸೆಂಟರ್ ಒಂದೇ ಗೆರೆಗೆ ಬರದಿದ್ದರೆ ಶಾಫ್ಟ್ ಬಿಗಿಯುತ್ತದೆ, ಡ್ರಮ್ಮಿಗೂ ಎದುರಿನ ಪ್ಲೇಟಿಗೂ ನಡುವಿನ ಗ್ಯಾಪ್ ಒಂದು ತುದಿಯಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ ಆಗುತ್ತದೆ. ಕಡಿಮೆ ಇರುವ ಕಡೆ ಬೀಜ ಕಟ್ ಆಗುತ್ತದೆ, ಜಾಸ್ತಿ ಇರುವ ಕಡೆ ಹಣ್ಣು ಸಿಪ್ಪೆ ಬಿಡದೆ ಹಾಗೇ ಹೋಗುತ್ತದೆ. ಬೆಳೆಗಾರನ ವರ್ಷದ ದುಡಿಮೆ ಅದು. ಹೌಸಿಂಗ್ ಮಾಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಎರಡು ಪಿನ್ ಅಂದೆ, ಆದರೆ ಎರಡೂ ಗುಂಡಗಿನ ಪಿನ್ ಆಗಬಾರದು. ಹೋಲ್‌ನಿಂದ ಹೋಲ್‌ಗೆ ದೂರ ಪ್ರತಿ ಜಾಬ್‌ನಲ್ಲೂ ಸ್ವಲ್ಪ ಬೇರೆ ಇರುತ್ತದೆ. ಎರಡೂ ಗುಂಡಗಿದ್ದರೆ ಒಂದು ಜಾಬ್ ಇಳಿಯುವುದೇ ಇಲ್ಲ, ಇನ್ನೊಂದನ್ನು ಹೊಡೆದು ಇಳಿಸಬೇಕು. ಹುಡುಗರು ಬೇಸತ್ತು ಪಿನ್ನನ್ನೇ ಉಜ್ಜಿ ಸಣ್ಣ ಮಾಡುತ್ತಾರೆ, ಅಲ್ಲಿಗೆ ಫಿಕ್ಸ್ಚರ್ ಕಥೆ ಮುಗಿಯಿತು. ಒಂದು ಗುಂಡಗಿನ ಪಿನ್, ಇನ್ನೊಂದು ಡೈಮಂಡ್ ಪಿನ್ ಹಾಕಿ. ಡೈಮಂಡ್ ಪಿನ್ ಅಂದರೆ ಎರಡು ಬದಿ ಕಡಿದು ತೆಗೆದು, ಎದುರುಬದುರು ಎರಡು ಕಡೆ ಮಾತ್ರ ಪೂರ್ತಿ ವ್ಯಾಸ ಉಳಿಸಿದ ಪಿನ್. ಅದನ್ನು ಕೂರಿಸುವ ದಿಕ್ಕು ಬಹಳ ಮುಖ್ಯ. ಎರಡು ಪಿನ್‌ಗಳ ಸೆಂಟರ್ ಸೇರಿಸಿ ಒಂದು ಗೆರೆ ಎಳೆಯಿರಿ. ಕಡಿದ ಬದಿಗಳು ಆ ಗೆರೆಯ ಉದ್ದಕ್ಕೆ ಬರಬೇಕು, ಮುಟ್ಟುವ ಬದಿಗಳು ಗೆರೆಗೆ ಅಡ್ಡ ಬರಬೇಕು. ಆಗ ದೂರದ ವ್ಯತ್ಯಾಸವನ್ನು ಅದು ಬಿಟ್ಟುಕೊಡುತ್ತದೆ, ಜಾಬ್ ತಿರುಗುವುದನ್ನು ಮಾತ್ರ ತಡೆಯುತ್ತದೆ. ಉಲ್ಟಾ ಕೂರಿಸಿದರೆ ಜಾಬ್ ತಿರುಗುತ್ತದೆ, ಜೊತೆಗೆ ಸಿಕ್ಕಿಕೊಳ್ಳುತ್ತದೆ ಕೂಡ.

ಸೈಜ್ ಹೀಗಿರಲಿ. 10 ಎಚ್7 ಹೋಲ್ ಅಂದರೆ 10.000ದಿಂದ 10.015. ಪಿನ್‌ನ ದರ್ಜೆ ಜಿ6 ಅಂದರೆ 9.995ರಿಂದ 9.986. ಅತಿ ಕೆಟ್ಟ ಜೋಡಿಯಲ್ಲಿ ಸಡಿಲ 0.029. ಜಾಬ್ ಒಂದು ಪಕ್ಕಕ್ಕೆ 0.015ರಷ್ಟು ಸರಿಯಬಹುದು. ತಿರುಗುವುದನ್ನು ಲೆಕ್ಕ ಹಾಕಲು ಎರಡು ಪಿನ್‌ಗಳ ಸಡಿಲ ಕೂಡಿಸಿ, ಪಿನ್‌ಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿ. ದೂರ 140 ಇದ್ದರೆ, 70 ಮಿ.ಮೀ. ಉದ್ದದ ಬೋರ್‌ನಲ್ಲಿ ಸುಮಾರು 0.015 ಓರೆ ಬರುತ್ತದೆ. ನಿಮ್ಮ ಕೆಲಸಕ್ಕೆ ಇದು ಧಾರಾಳ. ಪಿನ್‌ಗಳನ್ನು ಹತ್ತಿರ ಹತ್ತಿರ ಇಟ್ಟರೆ ಇದೇ ಸಡಿಲಕ್ಕೆ ಓರೆ ಜಾಸ್ತಿ. ಅದಕ್ಕೇ ಎದುರು ಬದುರು ಮೂಲೆ ಅಂದದ್ದು. ಪಕ್ಕದಲ್ಲಿ ಒಂದು ಸ್ಪ್ರಿಂಗ್ ಪ್ಲಂಜರ್ (ಸ್ಪ್ರಿಂಗ್‌ನಿಂದ ಒತ್ತುವ ಪಿನ್) ಇಟ್ಟು ಜಾಬನ್ನು ಯಾವಾಗಲೂ ಒಂದೇ ಕಡೆಗೆ ಒತ್ತುವ ಹಾಗೆ ಮಾಡಿದರೆ ಈ ಸಡಿಲವೂ ಬಹುಪಾಲು ಹೋಗುತ್ತದೆ. ಗುಂಡಗಿನ ಪಿನ್ ಡೈಮಂಡ್‌ಗಿಂತ ಎರಡು ಮೂರು ಮಿ.ಮೀ. ಎತ್ತರ ಇರಲಿ. ಆಗ ಒಂದರ ಮೇಲೆ ಇಳಿಸಿ ಆಮೇಲೆ ಇನ್ನೊಂದನ್ನು ಹುಡುಕಬಹುದು, ಎರಡನ್ನೂ ಒಟ್ಟಿಗೆ ಹುಡುಕುವ ಪರದಾಟ ಇಲ್ಲ. ತುದಿಗೆ ಚೇಂಫರ್ (ಓರೆ ಅಂಚು) ಇರಲಿ, ಹೋಲ್ ಒಳಗೆ ಎಂಟು ಹತ್ತು ಮಿ.ಮೀ. ಹೊಕ್ಕರೆ ಸಾಕು.

ಪಿನ್, ಪ್ಯಾಡ್ ಎಂಎಸ್‌ನಲ್ಲಿ (ಮೆತ್ತನೆಯ ಮೈಲ್ಡ್ ಸ್ಟೀಲ್) ಮಾಡಬೇಡಿ. ಇಎನ್31 ಉಕ್ಕಿನಲ್ಲಿ ಮಾಡಿ 58ರಿಂದ 60 ಎಚ್‌ಆರ್‌ಸಿಗೆ (ಗಡಸುತನದ ಅಳತೆ) ಗಟ್ಟಿ ಮಾಡಿಸಿ, ಗ್ರೈಂಡ್ ಮಾಡಿಸಿ. ಮೈಸೂರಿನಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡಿಸಬಹುದು. ಅಲ್ಲಿ ಸರ್ಕಾರಿ ಟೂಲ್ ರೂಮ್ ಕೇಂದ್ರವೂ ಇದೆ. ಸವೆದರೆ ಬದಲಾಯಿಸುವ ಹಾಗೆ ಪಿನ್ ಕೂರಿಸಿ, ಎರಡು ಜೊತೆ ಜಾಸ್ತಿ ಮಾಡಿಸಿಟ್ಟುಕೊಳ್ಳಿ. ಫಿಕ್ಸ್ಚರ್‌ನ ಅಳತೆಗಳು ಜಾಬ್‌ನ ಟಾಲರೆನ್ಸ್‌ನ (ಡ್ರಾಯಿಂಗ್ ಒಪ್ಪುವ ಹೆಚ್ಚು ಕಡಿಮೆ) ಮೂರನೇ ಒಂದರಿಂದ ಐದನೇ ಒಂದು ಭಾಗದೊಳಗೆ ಇರಬೇಕು. ನಿಮ್ಮ ಎತ್ತರಕ್ಕೆ ಒಟ್ಟು 0.1 ಇದೆ, ಫಿಕ್ಸ್ಚರ್ 0.02, 0.03ರೊಳಗೆ ಇರಲಿ.

ಮೊದಲ ಆಪರೇಷನ್‌ನ ವೈಸ್ ಬಗ್ಗೆ ಸ್ವಲ್ಪ. ಒರಟು ಕಾಸ್ಟಿಂಗ್ ಹಿಡಿಯುವಾಗ ಓಡಾಡುವ ಜಾ (ವೈಸ್‌ನ ದವಡೆ) ಕಡೆ ಒಂದು ಗುಂಡಗಿನ ಸರಳು ಅಡ್ಡ ಇಡಿ. ಆಗ ಜಾಬ್ ಓಡಾಡದ ದವಡೆಗೆ ಸರಿಯಾಗಿ ಅಂಟುತ್ತದೆ. ಓಡಾಡುವ ಜಾ ಬಿಗಿಯುವಾಗ ಜಾಬನ್ನು ಸ್ವಲ್ಪ ಮೇಲೆತ್ತುವ ಅಭ್ಯಾಸ ಎಲ್ಲಾ ವೈಸ್‌ಗೂ ಇದೆ. ಬಿಗಿದ ಮೇಲೆ ಮೆತ್ತನೆ ಸುತ್ತಿಗೆಯಲ್ಲಿ ತಟ್ಟಿ, ಕೆಳಗಿನ ಆಧಾರಗಳು ಕೈಯಲ್ಲಿ ಅಲುಗಾಡುತ್ತವಾ ನೋಡಿ. ಒರಟು ಮುಖಕ್ಕೆ ತಗಲುವ ಆಧಾರದ ತಲೆ ಉಬ್ಬಿರಲಿ, ಮಿಲ್ ಮಾಡಿದ ಮುಖಕ್ಕೆ ಚಪ್ಪಟೆ ಇರಲಿ. ಇಲ್ಲಿ ಅರ್ಧ ಮಿ.ಮೀ. ಆಚೀಚೆ ಆದರೂ ಬೋರ್‌ನಲ್ಲಿ ಬಿಟ್ಟಿರುವ ಮಾರ್ಜಿನ್ ಅದನ್ನು ನುಂಗಿಕೊಳ್ಳುತ್ತದೆ, ಚಿಂತೆ ಬೇಡ.

ಈಗ ಕ್ಲಾಂಪ್. ಬೋರ್‌ನ ನೆತ್ತಿಯ ಮೇಲೆ ಕ್ಲಾಂಪ್ ಒತ್ತಿದರೆ ಹೌಸಿಂಗ್ ಚಪ್ಪಟೆಯಾಗುತ್ತದೆ. ಆ ಸ್ಥಿತಿಯಲ್ಲಿ ನೀವು ಗುಂಡಗೆ ಬೋರ್ ಮಾಡುತ್ತೀರಿ, ಬಿಚ್ಚಿದಾಗ ಬೀಡು ಮೊದಲಿನ ಆಕಾರಕ್ಕೆ ಮರಳುತ್ತದೆ, ಬೋರ್ ಮೊಟ್ಟೆಯಾಗುತ್ತದೆ. 62 ಎಚ್7 ಬೋರ್‌ಗೆ ಇರುವ ಟಾಲರೆನ್ಸ್ ಬರೀ 0.030. ಅದು ಉಳಿಯುವುದು ಹೇಗೆ? ಕ್ಲಾಂಪನ್ನು ಕಾಲುಗಳ ಮೇಲೆ ಹಾಕಿ, ಪ್ಯಾಡ್‌ನ ನೇರ ಮೇಲೆ. ಒಂದು ಪ್ಯಾಡ್ ಇರುವ ಕಾಲಿಗೆ ಅದರ ತಲೆಯ ಮೇಲೇ, ಎರಡು ಪ್ಯಾಡ್ ಇರುವ ಕಾಲಿಗೆ ಎರಡರ ಮೇಲೂ ಒತ್ತುವ, ಎರಡು ಬೆರಳಿನಂಥ ತುದಿಯ ಕ್ಲಾಂಪ್ ಹಾಕಿ. ಪ್ಯಾಡ್ ಇಲ್ಲದ ಕಡೆ ಒತ್ತಿದರೆ ಜಾಬ್ ಬಾಗುತ್ತದೆ. ಎಲ್ಲಾದರೂ ಜಾಸ್ತಿ ಆಧಾರ ಬೇಕೆನಿಸಿದರೆ ಸ್ಕ್ರೂ ಜ್ಯಾಕ್ ಇಡಿ, ಆದರೆ ಕ್ಲಾಂಪ್ ಆದ ಮೇಲೆ ಸುಮ್ನೆ ಮುಟ್ಟುವಷ್ಟು ಏರಿಸಿ. ಅದು ಎತ್ತಬಾರದು.

ಎಷ್ಟು ಬಿಗಿಯಬೇಕು ಅನ್ನುವುದನ್ನು ಡಯಲ್ ಹೇಳುತ್ತದೆ. ಜಾಬ್ ಕೂರಿಸಿ, ಬೋರ್ ಹತ್ತಿರ ಡಯಲ್ ಇಟ್ಟು, ನಟ್ ಬಿಗಿಯುತ್ತಾ ಮುಳ್ಳನ್ನೇ ನೋಡಿ. ಮೊದಲು ಸ್ವಲ್ಪ ಚಲಿಸಿ ನಿಲ್ಲುತ್ತದೆ, ಅದು ಜಾಬ್ ಕೂತದ್ದು. ಇನ್ನೂ ಬಿಗಿದಾಗ ಮುಳ್ಳು ಮತ್ತೆ ಹೊರಟರೆ ಜಾಬ್ ಬಾಗಲು ಶುರುವಾಯಿತು ಅಂತ. ಆ ಎರಡರ ನಡುವೆ ನಿಲ್ಲಿಸಿ, ಎಷ್ಟು ಟಾರ್ಕ್ ಅಂತ ನೋಡಿ, ದಿನವೂ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಪಾನಾಕ್ಕೆ (ಸ್ಪ್ಯಾನರ್‌ಗೆ) ಪೈಪ್ ಹಾಕಿ ಬಿಗಿಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಮುಳ್ಳು ಪಕ್ಕಕ್ಕೆ ಓಡಿದರೆ ನಟ್ ತಿರುಗುವಾಗ ಕ್ಲಾಂಪ್ ಜಾಬನ್ನು ಎಳೆದುಕೊಂಡು ಹೋಗುತ್ತಿದೆ. ಗೋಳದ ವಾಷರ್ ಹಾಕಿ, ಬೋಲ್ಟನ್ನು ಜಾಬ್ ಹತ್ತಿರಕ್ಕೆ ತನ್ನಿ, ಕ್ಲಾಂಪಿನ ಹಿಂದಿನ ಕಾಲು ಜಾಬ್‌ಗಿಂತ ಕೂದಲೆಳೆಯಷ್ಟು ಎತ್ತರ ಇರಲಿ. ಒರಟು ಬೋರ್ ಆದ ಮೇಲೆ ಒಂದು ಸಲ ನಟ್ ಸಡಿಲಿಸಿ, ಹಗುರಾಗಿ ಮತ್ತೆ ಬಿಗಿದು, ಕೊನೆಯ ಸಣ್ಣ ಕಟ್ ತೆಗೆಯಿರಿ. ಗುಂಡಗೆ ಬರುವುದರಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಕಾಣುತ್ತೀರಿ.

ಚಳಿಗಾಲದ ಬೆಳಿಗ್ಗೆಗೂ ಮಧ್ಯಾಹ್ನದ ಬಿಸಿಲಿಗೂ ಇರುವ ವ್ಯತ್ಯಾಸವೇ ಕಾರಣ ಅಂತ ನಿಮಗೆ ಯಾರಾದರೂ ಹೇಳಬಹುದು. ಬೀಡು 10 ಡಿಗ್ರಿ ಏರಿದರೂ 80 ಮಿ.ಮೀ.ಗೆ ಹಿಗ್ಗುವುದು ಸುಮಾರು 0.009. ನಿಮ್ಮ 0.15ಕ್ಕೆ ಅದು ಕಾರಣವಲ್ಲ. ಅಲ್ಯೂಮಿನಿಯಂ ಪ್ಲೇಟಿನ ಫಿಕ್ಸ್ಚರ್ ಮಾತ್ರ ಮಾಡಬೇಡಿ, ಅದು ಎರಡರಷ್ಟು ಹಿಗ್ಗುತ್ತದೆ.

ಶಾಫ್ಟ್‌ನ ಪಿನ್ ಹೋಲ್‌ಗೆ ಉತ್ತರ ಸಣ್ಣದು. 90 ಡಿಗ್ರಿ ವಿ-ಬ್ಲಾಕ್‌ನಲ್ಲಿ (ಗುಂಡಗಿನ ಜಾಬ್ ಕೂರಿಸಲು V ಆಕಾರದ ಕಚ್ಚು ಇರುವ ಬ್ಲಾಕ್) ಶಾಫ್ಟ್ ವ್ಯಾಸ ಎಷ್ಟು ಬದಲಾಗುತ್ತದೋ ಅದರ 0.707ರಷ್ಟು ಸೆಂಟರ್ ಮೇಲೆ ಕೆಳಗೆ ಹೋಗುತ್ತದೆ. ಆದರೆ ಎಡಕ್ಕೆ ಬಲಕ್ಕೆ ಒಂದು ಚೂರೂ ಸರಿಯುವುದಿಲ್ಲ. ವಿ ಬಾಯಿ ಮೇಲಕ್ಕೆ ಇಟ್ಟು, ಅದರ ನಟ್ಟ ನಡುವಿನಿಂದ ನೇರ ಕೆಳಕ್ಕೆ ಡ್ರಿಲ್ ಮಾಡಿದರೆ ವ್ಯಾಸ ಏನೇ ಇರಲಿ, ಹೋಲ್ ಸೆಂಟರ್‌ಗೇ ಬರುತ್ತದೆ. ನಿಮ್ಮಲ್ಲಿ ವಿ-ಬ್ಲಾಕನ್ನು ಮಗ್ಗುಲಾಗಿ ಇಟ್ಟಿರಬಹುದು, ನೋಡಿ. ಹಾಗಿದ್ದರೆ ಶಾಫ್ಟ್‌ಗೆ ಬಳಸುವ ಬ್ರೈಟ್ ಬಾರ್‌ನ ವ್ಯಾಸದಲ್ಲಿ 0.05 ವ್ಯತ್ಯಾಸ ಬಂದರೂ ಹೋಲ್ 0.035ರಷ್ಟು ತಪ್ಪುತ್ತದೆ. ಡ್ರಿಲ್ ಬುಷ್ (ಡ್ರಿಲ್‌ಗೆ ದಾರಿ ತೋರುವ ಗಟ್ಟಿ ಕೊಳವೆ) ಬಳಸುತ್ತಿದ್ದರೆ ಅದರ ತಳ ಶಾಫ್ಟ್‌ಗೆ ಆದಷ್ಟು ಹತ್ತಿರ ಇರಲಿ. ದೂರವಾದರೆ ಡ್ರಿಲ್ ಶಾಫ್ಟ್‌ನ ಗುಂಡು ಮೈಮೇಲೆ ಜಾರುತ್ತದೆ.

ಕೊನೆಗೆ, ಈಗಾಗಲೇ ಬೋರ್ ಆಗಿ ಬಿದ್ದಿರುವ ಹೌಸಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಕೊಡಬೇಕಾದ ಆರ್ಡರ್ ಇದ್ದರೆ ಹೀಗೆ ಮಾಡಿ. ಮೊದಲು ಬೋರ್ ಅಳೆಯಿರಿ. ಗುಂಡಗಿರುವುದನ್ನು ಮಾತ್ರ ಇಟ್ಟುಕೊಂಡು, ತಳದಿಂದ ಬೋರ್ ಎತ್ತರ ನೋಡಿ, 0.02ರೊಳಗೆ ಹೊಂದುವ ಎರಡೆರಡನ್ನು ಜೋಡಿ ಮಾಡಿ ನಂಬರ್ ಹೊಡೆಯಿರಿ. ಜೋಡಿಯನ್ನು ಶಾಫ್ಟ್, ಬೇರಿಂಗ್ ಸಮೇತ ಫ್ರೇಮ್ ಮೇಲೆ ಇಟ್ಟು, ಶಾಫ್ಟ್ ಕೈಯಲ್ಲಿ ಸರಾಗ ತಿರುಗುವ ಹಾಗೆ ಸರಿಸಿ ಬೋಲ್ಟ್ ಬಿಗಿಯಿರಿ. ತಪ್ಪಿದ ಡೋವೆಲ್ ಹೋಲ್ ಬಿಟ್ಟು, ಪಕ್ಕದಲ್ಲಿ ಹೊಸದಾಗಿ ಹೌಸಿಂಗ್, ಫ್ರೇಮ್ ಎರಡಕ್ಕೂ ಒಟ್ಟಿಗೆ ಡ್ರಿಲ್ ಮಾಡಿ, ರೀಮ್ ಮಾಡಿ, ಡೋವೆಲ್ ಹೊಡೆಯಿರಿ. ಈ ಹೌಸಿಂಗ್‌ಗಳು ಆ ಫ್ರೇಮ್‌ಗೆ ಮಾತ್ರ ಹೊಂದುತ್ತವೆ, ಬೇರೆಯದಕ್ಕೆ ಹಾಕಲು ಬರುವುದಿಲ್ಲ ಅಂತ ಗಿರಾಕಿಗೆ ಮೊದಲೇ ಹೇಳಿ, ಬಿಲ್ಲಿನ ಮೇಲೂ ಬರೆದುಕೊಡಿ.